ಕುಂಕುಮದ ಭರಣಿಯಲ್ಲಿದ್ದ ಸಿಮ್ ಕಾರ್ಡು

"ಸಾಲು ಅಂದ್ಮೇಲೆ ಸಾಲು. ಹಿಂದಕ್ಕೆ ಹೋಗಪ್ಪ."

ಅಕ್ಕಯ್ಯಮ್ಮ ಕೂಗಿ ಹೇಳಲಿಲ್ಲ. ಆದರೂ ಮಧ್ಯೆ ತೂರಿಕೊಂಡಿದ್ದ ಸಫಾರಿ ಸೂಟಿನ ಆಸಾಮಿ ತಲೆ ತಗ್ಗಿಸಿಕೊಂಡು ಕೊನೆಗೆ ಹೋಗಿ ನಿಂತ. ಚಿಂತಾಮಣಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದ ಹೆಂಗಸು ಆಕೆ. ತಹಶೀಲ್ದಾರನೇ ಇರಲಿ, ಸಾಹುಕಾರನೇ ಇರಲಿ, ಆಕೆ "ಲೈನ್ ಬ್ಯುಸಿ, ಕಾಯಿರಿ" ಅಂದರೆ ಕಾಯಬೇಕಾಗಿತ್ತು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಆ ದನಿ ನಿವೃತ್ತಿಯಾಗಿರಲಿಲ್ಲ.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಎಂ.ಬಿ. ಕಮ್ಯುನಿಕೇಷನ್ಸ್ ಮುಂದೆ ಸಾಲು ಬೀದಿಗೆ ಬಂದಿತ್ತು. ನಂದಿ ಸೆಲ್ ಕಂಪನಿಯನ್ನು ವಿಸ್ಟಾಫೋನ್ ಕಂಪನಿ ಕೊಂಡುಕೊಂಡಿತ್ತು. ನಂದಿ ಸೆಲ್‌ನ ಕಾರ್ಡುಗಳೆಲ್ಲ ಈ ತಿಂಗಳ ಕೊನೆಗೆ ಸಾಯುತ್ತವೆ, ಹಳೆ ಕಾರ್ಡು ಕೊಟ್ಟು ಹೊಸದು ತೆಗೆದುಕೊಳ್ಳಿ, ನಂಬರು ಅದೇ, ಪ್ಲಾನೂ ಅದೇ ಎಂದು ಅಂಗಡಿಯ ಗಾಜಿಗೆ ಹಳದಿ ಕಾಗದ ಅಂಟಿಸಿದ್ದರು.

ಪ್ಲಾನು ಅದೇ ಅನ್ನುವುದನ್ನು ಸಾಲಿನಲ್ಲಿದ್ದ ಒಬ್ಬರೂ ನಂಬಿರಲಿಲ್ಲ. ಒಬ್ಬನಿಗೆ ರಾತ್ರಿ ಫ್ರೀ ಕಾಲ್ ನಿಂತುಹೋಗಿತ್ತು. ಇನ್ನೊಬ್ಬನ ಹ್ಯಾಂಡ್‌ಸೆಟ್ಟು ಹೊಸ ಕಾರ್ಡು ಹಾಕಿದರೆ ಬಾಯೇ ಬಿಡುತ್ತಿರಲಿಲ್ಲ. ಅಕ್ಕಯ್ಯಮ್ಮನ ಮುಂದಿದ್ದ ಆವಲಪ್ಪನೆಂಬ ಮುದುಕ ಮಾತ್ರ ಎಲ್ಲರ ಪರವಾಗಿ ಒಂದೇ ಮಾತು ಹೇಳಿ ಮುಗಿಸಿದ.

"ಒಂಬೈನೂರ ತೊಂಬತ್ತೊಂಬತ್ತು ಕೊಟ್ಟು ಲೈಫ್‌ಟೈಮ್ ಕಾರ್ಡು ಹಾಕ್ಸಿದ್ದೆ ಕಣಮ್ಮ. ನನ್ನ ಲೈಫು ಇನ್ನೂ ಐತೆ. ಕಂಪನೀದೇ ಮುಗಿದೋಯ್ತು."

ಸಾಲೆಲ್ಲ ನಕ್ಕಿತು. ಅಕ್ಕಯ್ಯಮ್ಮನ ಪಕ್ಕದಲ್ಲಿದ್ದ ಕದಿರಮ್ಮ ನಗಲಿಲ್ಲ. ಆಕೆಯ ಕಣ್ಣು ಅಂಗಡಿಯ ಗಡಿಯಾರದ ಮೇಲಿತ್ತು. ಹನ್ನೊಂದೂವರೆ. ಮೂರು ಗಂಟೆಗೆ ರೇಷ್ಮೆ ಅಧಿಕಾರಿಯ ಮುಂದೆ ವಿಚಾರಣೆ. ಅಷ್ಟರೊಳಗೆ ತಾನು ಕಳ್ಳಿಯಲ್ಲ ಎಂದು ತೋರಿಸದಿದ್ದರೆ ಆಕೆಯ ಚಾಕಿ ಕೇಂದ್ರಕ್ಕೆ ಬೀಗ.

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಕದಿರಮ್ಮ ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳಿಗೆ ಪೊರೆ ಬಿಡುವ ಎರಡು ಜ್ವರ ದಾಟಿಸಿ, ರೈತರಿಗೆ ಕೊಡುತ್ತಿದ್ದಳು. ಕದಿರಮ್ಮನ ಚಾಕಿ ಹುಳು ಅಂದರೆ ಮೂರು ತಾಲ್ಲೂಕಿನಲ್ಲಿ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಗೌರಿಬಿದನೂರಿನ ಆಚೆ, ನಗರಗೆರೆ ಕಡೆಯ ರೈತರು ಆಕೆಯ ಮುಖ ನೋಡಿದವರೇ ಅಲ್ಲ. ಅವರಿಗೆ ಗೊತ್ತಿದ್ದದ್ದು ಆಕೆಯ ನಂಬರು.

ಆ ನಂಬರು ಮೂರು ವಾರದ ಹಿಂದೆ ಆಕೆಯ ಫೋನಿನಲ್ಲಿ ಸತ್ತುಹೋಗಿ, ಇನ್ನಾರದೋ ಫೋನಿನಲ್ಲಿ ಜೀವ ತಳೆದಿತ್ತು. "ಕದಿರಮ್ಮನ ಮಗ" ಅನ್ನುವ ಒಬ್ಬ ಆರ್ಡರು ತೆಗೆದುಕೊಂಡ. ನಗರಗೆರೆ ಹೋಬಳಿಯ ಹನ್ನೊಂದು ಮನೆಗೆ ಗಂಟು ರೋಗದ ಹುಳು ಹೋಯಿತು. ಹನ್ನೊಂದು ಮನೆಯಲ್ಲೂ ತಟ್ಟೆ ಸಮೇತ ಸುಡಬೇಕಾಯಿತು. ಕದಿರಮ್ಮನಿಗೆ ಮಗನೇ ಇಲ್ಲ. ಇದ್ದೊಬ್ಬ ಮಗ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿದ್ದವಳು ಸೊಸೆ ಕವಿತ. ಫೋನಿನ ವ್ಯವಹಾರ ಬಲ್ಲವಳೆಂದು ಅಕ್ಕಯ್ಯಮ್ಮನಿಗೆ ಕಾಗದ ಬರೆದು ಕರೆಸಿದವಳೂ ಅವಳೇ.

ಇಲಾಖೆಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ನಂಬರು ನಿಮ್ಮದು. ಕಂಪನಿ ಬದಲಾದಾಗ ನೀವೇ ಬಂದು ಹಳೆ ಕಾರ್ಡು ಕೊಟ್ಟು, ಸಹಿ ಹಾಕಿ, ಹೊಸ ಕಾರ್ಡು ಒಯ್ದಿದ್ದೀರಿ ಎಂದು ಅಂಗಡಿಯ ದಾಖಲೆ ಹೇಳುತ್ತದೆ. ಮಾರಿದವರು ನೀವಲ್ಲದೆ ಇನ್ಯಾರು?

ಆ ದಾಖಲೆಯನ್ನು ಮುರಿಯಲು ಅಕ್ಕಯ್ಯಮ್ಮ ಬಂದಿದ್ದಳು. ಆಕೆಯ ಸೆರಗಿನ ತುದಿಯಲ್ಲಿ ಪುಟ್ಟದೊಂದು ಗಂಟಿತ್ತು. ಸಾಲು ಒಂದೊಂದು ಹೆಜ್ಜೆ ಮುಂದೆ ಸರಿದಾಗಲೂ ಆಕೆಯ ಹೆಬ್ಬೆರಳು ಆ ಗಂಟನ್ನು ಮುಟ್ಟಿ ನೋಡುತ್ತಿತ್ತು.

ರಸ್ತೆಯ ಆಚೆ, ಬೇವಿನ ನೆರಳಿನಲ್ಲಿ, ಜೀಪು ನಿಂತಿತ್ತು. ಅದರಲ್ಲಿ ಕದಿರಮ್ಮನ ಭಾವನ ಮಗ ಚನ್ನಕೇಶವ ಕೂತಿದ್ದ. ಚಿಕ್ಕಮ್ಮನ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು, ಫೋನು ಸತ್ತ ದಿನದಿಂದ ಆಕೆಗಾಗಿ ಈ ಅಂಗಡಿಗೆ ಓಡಾಡಿದವನು ಅವನು. ಇನ್ನೆರಡು ದಿನ, ಟವರು ಬದಲಾಯಿಸುತ್ತಿದ್ದಾರಂತೆ ಎಂದು ಪ್ರತಿ ಸಲವೂ ಸಮಾಧಾನ ಹೇಳಿ ಬಂದಿದ್ದ. ಈವತ್ತು ಕೂಡ ದಾರಿಯುದ್ದಕ್ಕೂ, ಮಾತು ಮಾತಿಗೂ ನಾಲಗೆಯನ್ನು ಲೊಚಗುಟ್ಟಿಸಿ "ಚ್" ಅನ್ನುತ್ತ, ಚಿಕ್ಕಮ್ಮನಿಗೆ ಬಂದ ಕಷ್ಟಕ್ಕೆ ಮರುಗುತ್ತಲೇ ಜೀಪು ಓಡಿಸಿದ್ದ. ವಿಚಾರಣೆಗೆ ಬೇಕಾದ, ಚಾಕಿ ಕೇಂದ್ರದ ನೋಂದಣಿ ಪತ್ರದ ಅಸಲು ಇದ್ದ ಹಸಿರು ಚೀಲ ಅವನ ತೊಡೆಯ ಮೇಲಿತ್ತು. ಅಂಗಡಿಯೊಳಗೆ ಬಾ ಎಂದರೆ, ಆ ಅಂಗಡಿಕಾರ ಮೋಹನ್‌ಬಾಬುವಿನ ಮುಖ ನೋಡಿದರೆ ಕೈ ಎತ್ತಿಬಿಡುತ್ತೇನೆ, ಬೇಡ ಎಂದಿದ್ದ.

ಸಾಲು ಮುಗಿಯಿತು. ಕೌಂಟರಿನ ಹಿಂದೆ ಮೋಹನ್‌ಬಾಬು ಇದ್ದ.

ನಲವತ್ತರ ಆಸುಪಾಸು. ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಅವನ ಮೊಣಕೈ ಪಕ್ಕದಲ್ಲಿ ಗಾಜಿನ ಜಾಡಿ. ಅದರ ತುಂಬ ಎರಡು ತುಂಡಾಗಿ ಕತ್ತರಿಸಿದ ಹಳೆ ಸಿಮ್ ಕಾರ್ಡುಗಳು. ಹಳೆ ಕಾರ್ಡು ಕೈಗೆ ಬಂದ ಮೇಲೆ ಅದರ ಬೆನ್ನ ಮೇಲಿನ ಹತ್ತೊಂಬತ್ತು ಅಂಕಿಯನ್ನು ಫಾರಂನಲ್ಲಿ ಬರೆದುಕೊಂಡು, ಗಿರಾಕಿಯ ಎದುರೇ ಕತ್ತರಿಸಿ ಜಾಡಿಗೆ ಹಾಕಬೇಕು. ವಿಸ್ಟಾಫೋನ್ ಮಾಡಿದ್ದ ಕಟ್ಟುಪಾಡು ಅದು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಶುಕ್ರವಾರಕ್ಕೊಮ್ಮೆ ಬೆಂಗಳೂರಿನಿಂದ ಕಂಪನಿಯ ಅಧಿಕಾರಿ ಲಾವಣ್ಯ ಬರುತ್ತಿದ್ದಳು. ಈವತ್ತು ಶುಕ್ರವಾರ. ಮೂಲೆಯ ಮೇಜಿನಲ್ಲಿ ಫಾರಂಗಳ ಕಟ್ಟು ಹರಡಿಕೊಂಡು ಅವಳು ಕೂತಿದ್ದಳು. ಅಕ್ಕಯ್ಯಮ್ಮ ದಿನ ನೋಡಿಯೇ ಬಂದಿದ್ದಳು.

ಕದಿರಮ್ಮನನ್ನು ಕಂಡ ಕೂಡಲೇ ಮೋಹನ್‌ಬಾಬುವಿನ ಮುಖ ಗಂಟಾಯಿತು. ಹೇಳಬೇಕಾದ್ದನ್ನೆಲ್ಲ ಇಲಾಖೆಯವರಿಗೆ ಹೇಳಿ ಆಗಿದೆ, ಗಿರಾಕಿಗಳು ಕಾಯುತ್ತಿದ್ದಾರೆ, ದಯಮಾಡಿ ಹೊರಡಿ ಎಂದ.

ಅಕ್ಕಯ್ಯಮ್ಮ ಕೌಂಟರಿನ ಮೇಲೆ ಎರಡೂ ಕೈ ಊರಿದಳು. ಒಳಗೆ ಕೋಪ ಕುದಿಯುತ್ತಿತ್ತು. ಆದರೆ ಎಕ್ಸ್‌ಚೇಂಜಿನಲ್ಲಿ ಕಲಿತ ಪಾಠವೊಂದಿತ್ತು: ಮೊದಲು ಎದುರಿನವನನ್ನು ಮಾತಾಡಲು ಬಿಡು.

"ನಾಲ್ಕೇ ಮಾತು ಕೇಳ್ತೀನಿ. ಗಟ್ಟಿಯಾಗಿ ಹೇಳು, ಆಯಮ್ಮನಿಗೂ ಕೇಳಿಸ್ಲಿ," ಎಂದು ಲಾವಣ್ಯಳ ಕಡೆ ಗಲ್ಲ ತಿರುಗಿಸಿದಳು. "ಕದಿರಮ್ಮ ತಾನೇ ಬಂದು ಹಳೇ ಕಾರ್ಡು ಕೊಟ್ರಾ?"

"ಕೊಟ್ರು."

"ನೀನು ನಿನ್ನ ಕೈಯಲ್ಲಿ ಇಸ್ಕೊಂಡ್ಯಾ?"

"ಇನ್ಯಾರ ಕೈಯಲ್ಲಿ ಇಸ್ಕೊಳ್ಳಿ?"

"ಬೆನ್ನ ಮೇಲಿನ ನಂಬರು ಓದಿ ಬರ್ಕೊಂಡ್ಯಾ?"

"ಒಂದೊಂದು ಅಂಕಿ ಓದಿ ಬರ್ದಿದೀನಿ. ಫಾರಂ ಅಲ್ಲೇ ಐತೆ, ಮೇಡಂ ಹತ್ರ. ನೋಡ್ಕಳಿ."

"ಕತ್ತರಿಸಿದ್ಯಾ?"

ಮೋಹನ್‌ಬಾಬು ಜಾಡಿಯನ್ನು ಎತ್ತಿ ಟಕ್ಕೆಂದು ಕೌಂಟರಿನ ಮೇಲೆ ಇಟ್ಟ. "ಇದರಲ್ಲೇ ಐತೆ. ಹುಡುಕ್ಕೊಂಡು ಕೂತ್ಕಳಿ, ಸಾಯಂಕಾಲದವರೆಗೂ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲಾವಣ್ಯ ತಲೆ ಎತ್ತಿದ್ದಳು. ಅಕ್ಕಯ್ಯಮ್ಮ ಅವಳನ್ನು, ಆ ಫಾರಂ ತೆಗೆಯಮ್ಮ, ಹಳೆ ಕಾರ್ಡಿನ ನಂಬರಿನ ಮೇಲೆ ಪೆನ್ನು ಇಟ್ಟುಕೋ ಎಂದು ಕೇಳಿಕೊಂಡಳು. ಲಾವಣ್ಯ ಒಂದು ಗಳಿಗೆ ಯೋಚಿಸಿ, ಕಟ್ಟು ಬಿಚ್ಚಿ ಫಾರಂ ತೆಗೆದಳು.

ಅಕ್ಕಯ್ಯಮ್ಮ ಸೆರಗಿನ ಗಂಟು ಬಿಚ್ಚಿದಳು.

ಈವತ್ತು ಬೆಳಿಗ್ಗೆಯವರೆಗೆ ಆಕೆಯ ಕೈಯಲ್ಲಿ ಏನೂ ಇರಲಿಲ್ಲ. ಹಳೆ ಕಾರ್ಡು ಎಲ್ಲಿ ಎಂದು ಕದಿರಮ್ಮನನ್ನು ಮೂರು ಸಲ ಕೇಳಿದ್ದಳು. ಮೂರು ಸಲವೂ "ಎಲ್ಲೋ ಕಳೆದುಹೋಯ್ತು" ಎಂಬ ಉತ್ತರ, ಮೂರು ಸಲವೂ ನೆಲದ ಮೇಲೆ ಕಣ್ಣು. ಇನ್ನು ಬರಿಗೈಯಲ್ಲೇ ವಿಚಾರಣೆಗೆ ಹೋಗುವುದು ಎಂದು ಜೀಪು ಹತ್ತಲು ಎದ್ದಾಗ, ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸಬಾರದೆಂದು ಕವಿತ ದೇವರ ಗೂಡಿನಿಂದ ಕುಂಕುಮದ ಭರಣಿ ತಂದು ಹಿಡಿದಿದ್ದಳು. ಅಕ್ಕಯ್ಯಮ್ಮ ಉಂಗುರದ ಬೆರಳು ಅದ್ದಿದರೆ, ಪುಡಿಯ ಅಡಿಯಲ್ಲಿ ಏನೋ ಚಪ್ಪಟೆಯಾಗಿ, ಗಟ್ಟಿಯಾಗಿ ತಗುಲಿತು.

ಆಗ ಕದಿರಮ್ಮ ಬಾಯಿ ಬಿಟ್ಟಿದ್ದಳು. ಆ ಮನೆಯಲ್ಲಿ ಪ್ರತಿ ಬೆಳೆಯ ಮೊದಲ ರೇಷ್ಮೆಗೂಡನ್ನು ಮಾರುಕಟ್ಟೆಗೆ ಕಳಿಸುವುದಿಲ್ಲ, ದೇವರ ಮುಂದೆ ಇಡುತ್ತಾರೆ. ಮನೆಗೆ ಅನ್ನ ಕೊಟ್ಟ ವಸ್ತು ಸವೆದುಹೋದರೂ ತಿಪ್ಪೆಗೆ ಎಸೆಯುವುದಿಲ್ಲ. ಫೋನು ಸತ್ತ ದಿನ ಆಕೆ ಕಾರ್ಡು ತೆಗೆದು, ಇಷ್ಟು ವರ್ಷ ಇದರ ಮೇಲೇ ಬದುಕು ನಡೆಯಿತಲ್ಲ ಎಂದು ಕಣ್ಣಿಗೊತ್ತಿಕೊಂಡು ಕುಂಕುಮದಲ್ಲಿ ಹೂತಿದ್ದಳು. ಹಳೆ ಕಾರ್ಡು ಕಂಪನಿಗೆ ವಾಪಸು ಕೊಡದಿದ್ದರೆ ಕೇಸು ಹಾಕುತ್ತಾರೆ ಎಂದು ಯಾರೋ ಹೇಳಿದ ಮೇಲೆ, ಭಯಕ್ಕೆ ಅದನ್ನು ಬಚ್ಚಿಟ್ಟೇಬಿಟ್ಟಿದ್ದಳು. ತನ್ನನ್ನು ಉಳಿಸುವ ಒಂದೇ ಸಾಕ್ಷಿಯನ್ನು, ತನ್ನ ಅಪರಾಧವೆಂದುಕೊಂಡು, ದಿನಾ ಕೈಮುಗಿದುಕೊಂಡು ಕೂತಿದ್ದಳು ಪುಣ್ಯಾತ್ಗಿತ್ತಿ.

ಅಕ್ಕಯ್ಯಮ್ಮ ಆ ಕಾರ್ಡನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಓದತೊಡಗಿದಳು. ಟ್ರಂಕ್ ಕಾಲ್ ಬುಕ್ ಮಾಡುವಾಗ ನಂಬರು ಹೇಳುವ ಅದೇ ದನಿ. ಒಂದೊಂದು ಅಂಕಿಗೂ ಒಂದೊಂದು ಉಸಿರು.

"ಎಂಟು. ಒಂಬತ್ತು. ಒಂಬತ್ತು. ಒಂದು..."

ಲಾವಣ್ಯಳ ಪೆನ್ನು ಫಾರಂ ಮೇಲೆ ಒಂದೊಂದೇ ಮನೆ ಸರಿಯುತ್ತಿತ್ತು. ಏಳನೆಯ ಅಂಕಿಗೆ ಸಾಲಿನವರೆಲ್ಲ ಕೌಂಟರಿನ ಕಡೆ ಕತ್ತು ಚಾಚಿದರು. ಹನ್ನೆರಡನೆಯ ಅಂಕಿಗೆ ಬಾಗಿಲಲ್ಲಿ ನಿಂತಿದ್ದವರೂ ಒಳಗೆ ಬಗ್ಗಿದರು. ಹತ್ತೊಂಬತ್ತನೆಯ ಅಂಕಿ ಮುಗಿದಾಗ ಲಾವಣ್ಯ ಪೆನ್ನು ಕೆಳಗಿಟ್ಟಳು.

"ಎಲ್ಲ ಸರಿ ಇದೆ. ಇದೇ ಕಾರ್ಡು," ಎಂದಳು ಮೆಲ್ಲಗೆ.

"ತುಂಡಾಗಿ ಜಾಡೀಲಿ ಬಿದ್ದಿರೋ ಕಾರ್ಡು ನನ್ನ ಕೈಗೆ ಇಡಿಯಾಗಿ ಹೆಂಗಪ್ಪ ಬಂತು?" ಅಕ್ಕಯ್ಯಮ್ಮ ಮೋಹನ್‌ಬಾಬುವಿನ ಕಡೆ ತಿರುಗಿದಳು. "ಶಿಡ್ಲಘಟ್ಟದ ದೇವರ ಗೂಡಿಂದ ಬಂದಿದೆ ಇದು. ಕುಂಕುಮ ನೋಡು, ಸಂದೀಲಿ ಇನ್ನೂ ಹಂಗೇ ಐತೆ."

ಅವನು ಬೆವರು ಒರೆಸಿಕೊಂಡ. ಆಯಮ್ಮ ಬೇರೆ ಯಾವುದೋ ಕಾರ್ಡು ಕೊಟ್ಟು ಮೋಸ ಮಾಡಿರಬೇಕು ಎಂದು ತೊದಲಿದ.

"ಬೇರೆ ಕಾರ್ಡು ಕೊಟ್ಟಿದ್ರೆ ಬೇರೆ ನಂಬರು ಬರೀತಿದ್ದೆ. ಈ ಕಾರ್ಡು ನಿನ್ನ ಕಣ್ಣಿಗೇ ಬಿದ್ದಿಲ್ಲ. ಒಂದೊಂದು ಅಂಕಿ ಓದಿ ಬರ್ದಿದೀನಿ ಅಂದ್ಯಲ್ಲ, ಯಾವುದನ್ನ ನೋಡಿ ಓದ್ದೆ?"

ಉತ್ತರ ಹೇಳಿದವಳು ಲಾವಣ್ಯ. ಕಂಪನಿ ಪ್ರತಿ ಅಂಗಡಿಗೂ ಒಂದು ಪಟ್ಟಿ ಕಳಿಸಿತ್ತು, ತಾಳೆ ನೋಡಲೆಂದು. ಯಾವ ನಂಬರಿಗೆ ಯಾವ ಹಳೆ ಕಾರ್ಡು ಎಂಬುದೆಲ್ಲ ಅದರಲ್ಲಿತ್ತು. ಕಾರ್ಡೇ ಬಾರದೆ ಇವನು ಪಟ್ಟಿ ನೋಡಿ ಫಾರಂ ತುಂಬಿದ್ದ. ಬಂದ ಕಾರ್ಡುಗಳನ್ನೆಲ್ಲ ನೋಡಿ ಬರೆದಿದ್ದವನು, ಬಾರದ ಒಂದು ಕಾರ್ಡಿಗೆ ಸಿಕ್ಕಿಬಿದ್ದಿದ್ದ.

ಆವಲಪ್ಪ ಹೊಸ ಕಾರ್ಡು ತೆಗೆದುಕೊಂಡವನು ಮನೆಗೆ ಹೋಗದೆ ಅಲ್ಲೇ ನಿಂತಿದ್ದ. "ನನ್ನ ನಂಬರೂ ಯಾರಿಗಾದ್ರೂ ಮಾರಿದೀಯೇನೋ, ಏಮಿ ಮನಿಷಿವಯ್ಯಾ ನುವ್ವು, ಎಂಥ ಮನುಷ್ಯನಯ್ಯ ನೀನು?" ಎಂದು ಕೇಳಿಯೇಬಿಟ್ಟ. ಸಾಲು ಗುಲ್ಲೆದ್ದಿತು. ಎಲ್ಲರೂ ತಂತಮ್ಮ ಫೋನು ತೆಗೆದು ಪಕ್ಕದವರಿಗೆ ರಿಂಗು ಕೊಟ್ಟು ನೋಡಿಕೊಳ್ಳತೊಡಗಿದರು.

ಮೋಹನ್‌ಬಾಬು ಸ್ಟೂಲಿನ ಮೇಲೆ ಕುಸಿದ. ಫಾರಂ, ಫೋಟೋ ಎಲ್ಲ ಒಬ್ಬ ಗಂಡಸು ತಂದುಕೊಟ್ಟದ್ದು, ಹೊಸ ಕಾರ್ಡು ಒಯ್ದದ್ದೂ ಅವನೇ ಎಂದು ಒಪ್ಪಿಕೊಂಡ. ಹೆಸರು ಕೇಳಿದರೆ ಮಾತ್ರ ಎರಡೂ ಕೈ ಜೋಡಿಸಿದ.

"ಹೆಸರು ಕೇಳ್ಬೇಡಿ. ಒಂದು ಮಾತು ಹೇಳ್ತೀನಿ, ಅದು ಸುಳ್ಳಲ್ಲ. ಸೈನು ಮಾತ್ರ ಆಯಮ್ಮಂದೇ."

ಲಾವಣ್ಯ ಫಾರಂ ತೋರಿಸಿದಳು. ಕದಿರಮ್ಮ ಬಗ್ಗಿ ನೋಡಿದಳು. ದಪ್ಪ ಅಕ್ಷರ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಏರುವ ಗೆರೆ. ಆಕೆಯ ಹುಬ್ಬು ಗಂಟಾಯಿತು. ಸಹಿ ತನ್ನದೇ, ಆದರೆ ಹಾಕಿದ ನೆನಪಿಲ್ಲ ಎಂದಳು. ಅಕ್ಕಯ್ಯಮ್ಮನ ಮನಸ್ಸಿನಲ್ಲಿ ಈ ಮಾತು ಮುಳ್ಳಿನ ಹಾಗೆ ಚುಚ್ಚಿ ನಿಂತಿತು. ಕೀಳಲು ಆಗ ಪುರುಸೊತ್ತಿರಲಿಲ್ಲ.

ಮುಂದಿನ ಅರ್ಧ ಗಂಟೆ ಲಾವಣ್ಯಳದು. ಬೆಂಗಳೂರಿಗೆ ಫೋನು ಹಚ್ಚಿ, ಮೇಲಿನವರೊಡನೆ ಇಂಗ್ಲಿಷಿನಲ್ಲಿ ಜಗಳವಾಡಿ, ಕಳ್ಳ ಕಾರ್ಡನ್ನು ನಿಲ್ಲಿಸಿ, ಅದೇ ನಂಬರನ್ನು ಹೊಸ ಕಾರ್ಡಿಗೆ ಹತ್ತಿಸಿದಳು. ಆಮೇಲೆ ಕಂಪನಿಯ ಕಾಗದದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಈ ನಂಬರು ಕದಿರಮ್ಮನವರ ಬಳಿ ಇರಲಿಲ್ಲ, ಅನ್ಯರಿಗೆ ಅಕ್ರಮವಾಗಿ ಕೊಡಲಾಗಿತ್ತು ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದಳು. ಮೋಹನ್‌ಬಾಬುವಿನ ಮುಂದಿದ್ದ ಮೊಹರನ್ನೇ ಕಿತ್ತುಕೊಂಡು ಒತ್ತಿದಳು. ಆ ಠಪ್ ಎಂಬ ಸದ್ದಿಗೆ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು.

ಗಡಿಯಾರದಲ್ಲಿ ಒಂದು ಗಂಟೆ.

ಕದಿರಮ್ಮನ ಹಳೆಯ ಫೋನಿಗೆ ರಬ್ಬರ್ ಬ್ಯಾಂಡು ಸುತ್ತಿತ್ತು. ಅಕ್ಕಯ್ಯಮ್ಮ ಅದನ್ನು ಬಿಚ್ಚಿ, ಬ್ಯಾಟರಿ ತೆಗೆದು, ಹೊಸ ಕಾರ್ಡು ಕೂರಿಸಿದಳು. ತೆರೆಯ ಮೇಲೆ ಬೆಳಕು ಬಂತು. ಒಂದು ಗೆರೆ, ಎರಡು ಗೆರೆ, ನಾಲ್ಕು ಗೆರೆ ಸಿಗ್ನಲ್ಲು. ವಿಸ್ಟಾಫೋನ್ ಎಂದು ಹೆಸರು ಮೂಡಿತು. ಹಳೆ ಕಾರ್ಡಿನಲ್ಲಿದ್ದ ಹೆಸರುಗಳು ಒಂದೂ ಇಲ್ಲಿರಲಿಲ್ಲ. ಯಾರು ಫೋನು ಮಾಡಿದರೂ ಈಗ ಬರೀ ಅಂಕಿ.

ಮೂರನೆಯ ನಿಮಿಷಕ್ಕೆ ಫೋನು ಹೊಡೆದುಕೊಂಡಿತು.

ನಗರಗೆರೆ ಕಡೆಯ ರೈತ. ನಾಲ್ಕು ದಿನದಿಂದ ಈ ನಂಬರಿಗೆ ಮಾಡುತ್ತಿದ್ದನಂತೆ, ಆ 'ಮಗ' ಎತ್ತುತ್ತಿರಲಿಲ್ಲವಂತೆ. ಇಂದು ಎತ್ತಿದ್ದೇ ತಡ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡ. ಅವನ ಬೈಗುಳ ಫೋನಿನಿಂದಾಚೆ, ಅಂಗಡಿಯವರಿಗೆಲ್ಲ ಕೇಳಿಸಿತು. ಕದಿರಮ್ಮ ಕೊನೆಯವರೆಗೂ ಕೇಳಿದಳು. ಮೂರು ವಾರದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು.

"ಇಷ್ಟು ದಿನ ಮಾತಾಡಿದೋನು ಕಳ್ಳ ಕಣಪ್ಪ. ಈಗ ಮಾತಾಡ್ತಿರೋಳು ಕದಿರಮ್ಮ. ಮೂರು ಗಂಟೆಗೆ ಚಿಕ್ಕಬಳ್ಳಾಪುರದ ರೇಷ್ಮೆ ಆಫೀಸಿನ ಹತ್ರ ಬಾ, ನಿಮ್ಮೋರನ್ನೆಲ್ಲ ಕರ್ಕೊಂಡು ಬಾ. ನನ್ನ ಮುಖ ನೋಡು, ಆಮೇಲೂ ಬೈಬೇಕು ಅನ್ಸಿದ್ರೆ ಬೈ."

ಆ ಕಡೆಯವನ ದನಿ ತಗ್ಗಿತು. ಆಮೇಲೆ, ಬರ್ತೀವಮ್ಮ, ಹನ್ನೊಂದು ಮನೆಯೋರೂ ಬರ್ತೀವಿ ಎಂದ. ಕದಿರಮ್ಮ ಫೋನಿಟ್ಟಳು. ಆವಲಪ್ಪ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ, ಧೂಳು ಜಾಸ್ತಿಯಾಯಿತು ಎಂದು ಬೀದಿಯನ್ನು ಬೈದ. ಅಕ್ಕಯ್ಯಮ್ಮನಿಗೆ ಎಷ್ಟೋ ವರ್ಷದ ಮೇಲೆ, ಕಡಿದುಹೋದ ಲೈನನ್ನು ಮತ್ತೆ ಕೂಡಿಸಿದ ಸುಖ ಆಯಿತು.

ಮತ್ತೆ ಫೋನು ಹೊಡೆದುಕೊಂಡಿತು. ಇನ್ನೊಬ್ಬ ರೈತನಿರಬೇಕು. ಕದಿರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದವಳು ಫೋನನ್ನು ಅಕ್ಕಯ್ಯಮ್ಮನ ಕೈಗಿಟ್ಟಳು. ಅಕ್ಕಯ್ಯಮ್ಮ ಗುಂಡಿ ಒತ್ತಿ, ಹಳೆಯ ಅಭ್ಯಾಸದಂತೆ, ಸುಮ್ಮನೆ ಕಿವಿಗಿಟ್ಟುಕೊಂಡಳು.

"ಎಷ್ಟೊತ್ತೋ ಎತ್ತೋಕೆ? ಚ್... ಆ ಎಕ್ಸ್‌ಚೇಂಜ್ ಮುದುಕಿ ಅಂಗಡಿಯೊಳಗೆ ಹೋಗಿ ಒಂದೂವರೆ ಗಂಟೆ ಆಯ್ತು. ಮೋಹನ ಬಾಯಿ ಬಿಟ್ರೆ ಕಷ್ಟ. ನಗರಗೆರೆ ಶೆಡ್ಡಲ್ಲಿರೋ ಹುಳ, ತಟ್ಟೆ, ಒಂದೂ ಉಳೀಬಾರ್ದು, ಈಗ್ಲೇ ಬೆಂಕಿ ಇಕ್ಕು. ಚ್... ಚಿಕ್ಕಮ್ಮನ ಕಾಗದ ನನ್ನ ಹತ್ರಾನೇ ಅವೆ, ಅವು ಆಫೀಸಿಗೆ ಹೋಗಲ್ಲ."

ಮುಖ ಮರೆತರೂ ಗಂಟಲು ಮರೆಯದ ಹೆಂಗಸು ಅಕ್ಕಯ್ಯಮ್ಮ. ಈ ಗಂಟಲನ್ನು ಆಕೆ ಬೆಳಿಗ್ಗೆ ಶಿಡ್ಲಘಟ್ಟದಿಂದ ಇಲ್ಲಿಯವರೆಗೆ ಕೇಳಿಕೊಂಡು ಬಂದಿದ್ದಳು. ಸತ್ತ ಫೋನಿಗಾಗಿ ಅಂಗಡಿಗೆ ಅಲೆದವನು. ಮನೆಯ ಕಾಗದಪತ್ರಗಳನ್ನೆಲ್ಲ ತಂದು ಚಿಕ್ಕಮ್ಮನ ಸಹಿ ಹಾಕಿಸುತ್ತಿದ್ದವನು. ನಂಬರು ಇನ್ನೂ ತನ್ನ ಆಳಿನ ಕೈಯಲ್ಲೇ ಇದೆ ಎಂದುಕೊಂಡು ಮಾತಾಡುತ್ತಿದ್ದ. ಮುಳ್ಳು ತಾನಾಗಿಯೇ ಕಿತ್ತು ಕೈಗೆ ಬಂತು. ಕಣ್ಣ ಮುಂದೆಯೇ ಇದ್ದದ್ದನ್ನು ಕಾಣದೆ ಹೋದೆನಲ್ಲ ಎಂದು ತನ್ನ ಮೇಲೇ ಸಿಟ್ಟು ನೆತ್ತಿಗೇರಿತು.

ಆಕೆ ಗಾಜಿನಾಚೆ ನೋಡಿದಳು. ಬೇವಿನ ನೆರಳಿನ ಜೀಪಿನಲ್ಲಿ ಚನ್ನಕೇಶವ ಅಂಗಡಿಗೆ ಬೆನ್ನು ತಿರುಗಿಸಿ ಕೂತಿದ್ದ. ಕಿವಿಯಲ್ಲಿ ಫೋನು. ಒಂದು ಕೈ ಹಸಿರು ಚೀಲದ ಮೇಲೆ.

"ಏನೋ, ಕೇಳಿಸ್ತಾ?" ಎಂದಿತು ಫೋನು.

ಅಕ್ಕಯ್ಯಮ್ಮ ಇಪ್ಪತ್ತೊಂಬತ್ತು ವರ್ಷದ ಆ ದನಿಯನ್ನು ಗಂಟಲಿಗೆ ತಂದುಕೊಂಡಳು.

"ಲೈನ್ ಬ್ಯುಸಿ ಇದೆ. ಕಾಯಿರಿ."

ಜೀಪಿನಲ್ಲಿದ್ದವನು ಫೋನನ್ನು ಕಿವಿಯಿಂದ ತೆಗೆದು ದಿಟ್ಟಿಸಿ ನೋಡಿದ. ನಿಧಾನವಾಗಿ ಕತ್ತು ತಿರುಗಿಸಿದ. ಗಾಜಿನ ಮೂಲಕ ಇಬ್ಬರ ಕಣ್ಣೂ ಕೂಡಿದವು.

ಅಕ್ಕಯ್ಯಮ್ಮ ಬಾಗಿಲು ದಾಟಿ ಬೀದಿಗೆ ಇಳಿಯುವಷ್ಟರಲ್ಲಿ ಜೀಪು ಸ್ಟಾರ್ಟಾಗಿತ್ತು. ಹಸಿರು ಚೀಲವನ್ನು ಹೊತ್ತುಕೊಂಡು ಅದು ನಗರಗೆರೆಗೆ ಹೋಗುವ ಗೌರಿಬಿದನೂರಿನ ದಾರಿ ಹಿಡಿಯಿತು.